ಸೊಪ್ಪಿನಬೆಟ್ಟದ ಕೆಲಸ: ಎರಡನೇ ಮಳೆಗಾಲದ ನಂತರ

ಬೆಟ್ಟದಲ್ಲಿ ನೀರಿಂಗಿಸುವ ಕೆಲಸ ಎಲ್ಲಿಗೆ ಬಂತು ಅಂತ ಕೇಳುವವರು ಜಾಸ್ತಿಯಾಗಿದ್ದಾರೆ. ಗುಂಡಿ ತೋಡುವುದು ಸದ್ಯಕ್ಕೆ ನಿಲ್ಲಿಸಿದ್ದೇನೆ. ಕೆಲಸ ನಿಂತಿಲ್ಲ, ದಾರಿ ಬದಲಾಗಿದೆ ಅಷ್ಟೇ.

ಹೊಸಬರಿಗೆ ಸ್ವಲ್ಪ ಹಿನ್ನೆಲೆ. ನಮ್ಮ ಶಿರಸಿ ಸೀಮೆಯಲ್ಲಿ ಅಡಿಕೆ ತೋಟದ ಗೊಬ್ಬರಕ್ಕೆ ಸೊಪ್ಪು ತರಲು ಕಾಡಿನ ಒಂದು ಭಾಗವನ್ನು, ಅಂದರೆ ಸೊಪ್ಪಿನಬೆಟ್ಟವನ್ನು, ಬಿಟ್ಟುಕೊಡುವ ಪದ್ಧತಿ ಬ್ರಿಟಿಷರ ಕಾಲದ್ದು. ಘಟ್ಟದ ಮೇಲೆ ಒಂದು ಎಕರೆ ತೋಟಕ್ಕೆ 9 ಎಕರೆ ಬೆಟ್ಟ ಅಂತ ಲೆಕ್ಕ. ಜಾಗ ಸರ್ಕಾರದ್ದು. ಸೊಪ್ಪು, ದರಕಿನ (ಉದುರಿದ ಒಣ ಎಲೆಯ) ಹಕ್ಕು ನಮ್ಮದು. ಕಾಯುವ ಹೊಣೆಯೂ ನಮ್ಮದೇ. ಹಕ್ಕು ನೆನಪಿರುವಷ್ಟು ಈ ಹೊಣೆ ಊರಲ್ಲಿ ಯಾರಿಗೂ ನೆನಪಿದ್ದಂತಿಲ್ಲ.

ಶುರುವಾಗಿದ್ದು 2023ರ ಬರದಿಂದ. ಆ ವರ್ಷದ ಆಗಸ್ಟ್, 1901ರಿಂದ ಈಚೆಗೆ ದೇಶದಲ್ಲಿ ಅತಿ ಕಡಿಮೆ ಮಳೆಯಾದ ಆಗಸ್ಟ್. ಮುಂದಿನ ಬೇಸಿಗೆಗೆ ತೋಟದ ತಲೆಯ ಹಳ್ಳ ಬೇಗ ಒಣಗಿತು. ಆಗಲೇ ಪಿಕಾಸಿ ಹಿಡಿದಿದ್ದು. ಅದೇ 2024ರ ಜುಲೈಯಲ್ಲಿ ಅಂಕೋಲಾದ ಶಿರೂರಿನಲ್ಲಿ ಹೆದ್ದಾರಿ ಮೇಲೆ ಗುಡ್ಡ ಕುಸಿಯಿತು. ಒಂದು ವರ್ಷ ನೀರಿಲ್ಲ, ಮರುವರ್ಷ ನೀರೇ ಭಯ.

ಗುಂಡಿಯ ಲೆಕ್ಕ

ನಾವು ತೋಡಿದ ಇಂಗುಗುಂಡಿ 6 ಅಡಿ ಉದ್ದ, 2 ಅಡಿ ಅಗಲ, 2 ಅಡಿ ಆಳ. ತುಂಬಿದರೆ ಸುಮಾರು 680 ಲೀಟರ್. ನೋಡುವುದಕ್ಕೆ ಚೆಂದ, ಫೋಟೋಕ್ಕೆ ಇನ್ನೂ ಚೆಂದ. ಆದರೆ ಒಂದು ಎಕರೆ ಮೇಲೆ 100 ಮಿಲಿಮೀಟರ್ ಮಳೆ ಬಿದ್ದರೆ ಅದು 4 ಲಕ್ಷ ಲೀಟರ್ ನೀರು. ಆರಿದ್ರಾ ಮಳೆ ಆರದೆ ಹೊಯ್ಯುವಾಗ ನಮ್ಮಲ್ಲಿ ಒಂದೇ ದಿನಕ್ಕೆ ಅಷ್ಟು ಬೀಳುವುದು ಹೊಸದೇನಲ್ಲ. ಎಲ್ಲವನ್ನೂ ಗುಂಡಿಯಲ್ಲೇ ಹಿಡಿಯುತ್ತೇನೆ ಅಂದರೆ ಎಕರೆಗೆ ಹತ್ತಿರ ಹತ್ತಿರ 600 ಗುಂಡಿ ಬೇಕು. ಬೆಟ್ಟದಲ್ಲಿ ಕಾಲಿಡಲಿಕ್ಕೂ ಜಾಗ ಉಳಿಯುವುದಿಲ್ಲ.

ಗುಂಡಿಗೆ ಬಿದ್ದ ನೀರು ಇಂಗುತ್ತಾ ಇರುತ್ತದಲ್ಲ, ಮತ್ತೆ ಮತ್ತೆ ತುಂಬುತ್ತದಲ್ಲ ಅನ್ನಬಹುದು. ಸರಿ. ಆದರೆ ಮೇಲಿನಿಂದ ಕೆಂಪು ನೀರು ಬಂದರೆ ತಳದಲ್ಲಿ ನುಣ್ಣನೆಯ ಮಣ್ಣು ಕೂರುತ್ತದೆ. ಆಮೇಲೆ ಇಂಗುವುದು ನಿಧಾನ. ಮೇಲೆ ದರಕು ಹಾಗೇ ಬಿಟ್ಟ ಕಡೆಯ ಗುಂಡಿಗೆ ತಿಳಿನೀರು ಬಂತು. ಗುಡಿಸಿ ಬೋಳಾದ ಕಡೆಯದು ಅರ್ಧಕ್ಕರ್ಧ ಹೂಳಿನಿಂದ ತುಂಬಿದೆ. ಎರಡಕ್ಕೂ ಮಧ್ಯೆ ಇರುವುದು ಒಂದು ಕಾಲುದಾರಿ ಮಾತ್ರ!

ಯಾವ ಕಾಡಿನಿಂದ ಎಷ್ಟು ನೀರು ಹರಿದುಹೋಗುತ್ತದೆ ಅಂತ ವಿಜ್ಞಾನಿಗಳಾದ ಮೈಕ್ ಬೊನೆಲ್, ಜಗದೀಶ್ ಕೃಷ್ಣಸ್ವಾಮಿ ಮತ್ತಿತರರು ನಮ್ಮ ಉತ್ತರ ಕನ್ನಡದಲ್ಲೇ ಅಳೆದು ನೋಡಿದ್ದಾರೆ. ಹಳೆಯ ಕಾಡು, ಹಾಳಾದ ಕಾಡು, ಅಕೇಶಿಯಾ ನೆಡುತೋಪು ಮೂರನ್ನೂ ಹೋಲಿಸಿದರು. ಮಳೆ ಬಂದ ಕೂಡಲೇ ಹೆಚ್ಚು ನೀರು ಹರಿದುಹೋದದ್ದು ಹಾಳಾದ ಕಾಡಿನಿಂದ, ಕಡಿಮೆ ಹಳೆಯ ಕಾಡಿನಿಂದ. ಅಕೇಶಿಯಾ ನಡುವೆ.

ದರಕು ಯಾರಿಗೆ?

ಜಗಳ ಇರುವುದು ಇಲ್ಲೇ. ದರಕು ಕೊಟ್ಟಿಗೆಗೂ ಬೇಕು, ತೋಟಕ್ಕೂ ಬೇಕು, ಬೆಟ್ಟಕ್ಕೂ ಬೇಕು. ನಾನು ಬೆಟ್ಟವನ್ನು ಮೂರು ಪಾಲು ಮಾಡಿದ್ದೇನೆ. ಮೇಲಿನ ಪಾಲಿನಲ್ಲಿ ಗುಡಿಸುವುದೂ ಇಲ್ಲ, ಸೊಪ್ಪು ಕಡಿಯುವುದೂ ಇಲ್ಲ. ಕೆಳಗಿನ ಎರಡರಲ್ಲಿ ವರ್ಷ ಬಿಟ್ಟು ವರ್ಷ. ಕೊಟ್ಟಿಗೆಯಲ್ಲಿ ಈಗ ಮೊದಲಿನಷ್ಟು ದನಗಳಿಲ್ಲ, ಹಾಗಾಗಿ ಸಾಧ್ಯವಾಯಿತು. ತೋಟಕ್ಕೆ ಕಡಿಮೆ ಬಿದ್ದದ್ದನ್ನು ಸೋಗೆ, ಹಾಳೆ, ಅಡಿಕೆ ಸಿಪ್ಪೆ ಹಾಕಿ ಸರಿದೂಗಿಸುತ್ತಿದ್ದೇವೆ.

ಮೇಲಿನ ಪಾಲಿನಲ್ಲಿ ದರಕು ಸರಿಸಿ ನೋಡಿದೆ. ಮೇಲಿನ ಪದರ ಗರಿಗರಿ. ಅದರಡಿ ನರ ಮಾತ್ರ ಉಳಿದ ಎಲೆ, ಬಿಳಿ ಬೂಸ್ಟು. ಅದರಡಿ ಬೆರಳು ಸಲೀಸಾಗಿ ಹೋಗುವ ಕಪ್ಪು ಮಣ್ಣು. ಮತ್ತಿ, ಹೊನ್ನೆ, ನೇರಳೆ ತಾವಾಗೇ ಎದ್ದಿವೆ. ಹಳೇ ಬುಡಗಳೂ ಚಿಗುರಿವೆ. ನಾನು ನೆಟ್ಟದ್ದು ಮುರುಗಲು, ಉಪ್ಪಾಗೆ, ವಾಟೆ ಮಾತ್ರ. 2025ರಲ್ಲಿ ಮುಂಗಾರು ಮೇ 24ಕ್ಕೇ ಕೇರಳ ಮುಟ್ಟಿತು. ಗಿಡ ನೆಡಲು ತೋಡಿದ ಗುಂಡಿಗಳೆಲ್ಲ ಗಿಡ ತರುವ ಮೊದಲೇ ಕೆಸರು. ನೆಟ್ಟದ್ದಕ್ಕಿಂತ ಹುಟ್ಟಿದ್ದೇ ಚೆನ್ನಾಗಿದೆ ಅಂದರೆ ನರ್ಸರಿಯವರು ಬೇಜಾರು ಮಾಡಿಕೊಳ್ಳಬಾರದು.

ಕಡಿದಾದ ಕಡೆ ಕೈ ಹಾಕಿಲ್ಲ

ಬಡಗಣ ಭಾಗ ಕಡಿದು. ಮೇಲೆ ಜಂಬಿಟ್ಟಿಗೆ ಕಲ್ಲು, ಅದರಡಿ ಶೇಡಿ ಮಣ್ಣು. ಶೇಡಿ ಒಣಗಿದ್ದಾಗ ಗಟ್ಟಿ, ನೀರು ಕುಡಿದರೆ ಜಾರುತ್ತದೆ. ಯಲ್ಲಾಪುರದ ಕಳಚೆಯಲ್ಲಿ 2021ರ ಜುಲೈಯಲ್ಲಿ ಗುಡ್ಡ ತೋಟಕ್ಕಿಳಿದದ್ದು ಈ ಕಡೆಯವರು ಯಾರೂ ಮರೆತಿಲ್ಲ. ಪಕ್ಕದ ಮನೆ ಭಾವ ಮೊದಲೇ ಕೇಳಿದ್ದರು: "ಅಲ್ಲ ಮಾರಾಯಾ, ನೀರು ಇಂಗಿಸ್ತಾ ಇಂಗಿಸ್ತಾ ಗುಡ್ಡನೇ ಕೆಳಗೆ ಇಳಿಸ್ತೀಯಾ?" ನ್ಯಾಯವಾದ ಪ್ರಶ್ನೆ. ಅಲ್ಲಿ ಒಂದೂ ಗುಂಡಿಯಿಲ್ಲ. ಜೆಸಿಬಿಯನ್ನು ಬೆಟ್ಟಕ್ಕೆ ಹತ್ತಿಸಿಯೇ ಇಲ್ಲ. ಮೇಲಿನ ನೀರು ಒಂದೇ ಕಡೆ ನುಗ್ಗದ ಹಾಗೆ ಕೊರಕಲಿನಲ್ಲಿ ಕಾಡುಕಲ್ಲಿನ ಸಣ್ಣ ತಡೆ ಹಾಕಿದ್ದೇವೆ. ಮೊಣಕಾಲಿಗಿಂತ ಎತ್ತರ ಬೇಡ, ನಡುವೆ ಸ್ವಲ್ಪ ತಗ್ಗು ಇರಲಿ. ಇಲ್ಲದಿದ್ದರೆ ನೀರು ಬದಿ ಕೊರೆಯುತ್ತದೆ. ಎಲ್ಲಾ ಬೆಟ್ಟಕ್ಕೂ ಒಂದೇ ಅಳತೆಯ ಗುಂಡಿ ತೋಡಿಸುವ ಯೋಜನೆಗಳನ್ನು ಕಂಡರೆ ನನಗೆ ಭಯ.

ನೀರು?

ಹಳ್ಳ 2025ರ ಬೇಸಿಗೆಯಲ್ಲಿ ಹಿಂದಿನ ವರ್ಷಕ್ಕಿಂತ ತಡವಾಗಿ ನಿಂತಿತು. ಇದು ನಮ್ಮ ಕೆಲಸದ ಫಲ ಅಂತ ಹೇಳಲಾರೆ, 2024ರ ಮಳೆಯೇ ಚೆನ್ನಾಗಿತ್ತಲ್ಲ. ಬರದ ವರ್ಷ ಬಂದಾಗ ಲೆಕ್ಕ ಸಿಗಬೇಕು. ಬಾವಿಗೆ ಇಳಿಬಿಡುವ ಗಂಟು ಹಾಕಿದ ಹಗ್ಗ, ಅಂಗಳದ ಮಳೆಮಾಪಕ ಎರಡರದ್ದೂ ಅಳತೆ ಬರೆದಿಡುತ್ತಿದ್ದೇನೆ.

ಮುಂದಿನ ಕೆಲಸ ಬೆಂಕಿಗೆರೆ, ಅಂದರೆ ಬೆಂಕಿ ದಾಟದ ಹಾಗೆ ಅಂಚಿನಲ್ಲಿ ಗುಡಿಸಿ ಬಿಡುವ ಪಟ್ಟಿ. ದರಕು ಬಿಟ್ಟ ಬೆಟ್ಟಕ್ಕೆ ಬೇಸಿಗೆಯಲ್ಲಿ ಒಂದು ಬೀಡಿ ತುಂಡು ಸಾಕು. ರಸ್ತೆ ಬದಿಯ ಕಮ್ಯುನಿಸ್ಟ್ ಗಿಡ ಅನ್ನುವ ಕಳೆ ಕಡಿದು, ಅಂಚಿನುದ್ದಕ್ಕೂ ಗುಡಿಸಬೇಕು. ಜನವರಿಯೊಳಗೆ ಆಗಬೇಕು ಅಂತಿದೆ. ಆದರೆ ಆಗಲೇ ಅಡಿಕೆ ಕೊನೆಯ (ಗೊನೆಯ) ಕೊಯ್ಲು. ಆಗ ಬೆಟ್ಟಕ್ಕೆ ಬಾ ಅಂದರೆ ಯಾರು ಬರುತ್ತಾರೆ? ಭಾವನ ಹತ್ತಿರ ಆಳು ಬದಲಿಗೆ ಆಳು ಅಂತ ಮಾತಾಗಿದೆ. ಅವರ ಕೊಯ್ಲಿಗೆ ನಾವು, ನಮ್ಮ ಬೆಂಕಿಗೆರೆಗೆ ಅವರು.