ಒಗೆಯೋದು ಮಷೀನು, ನೆನಪಿಡೋದು ಯಾರು?

ಅಜ್ಜಿಯರ ಕಾಲದಲ್ಲಿ ಹೆಂಡತಿ ಅಂದರೆ ರಟ್ಟೆ ಮುರಿಯುವ ದುಡಿಮೆ. ಈಗ ಮಷೀನು ಒಗೆಯುತ್ತದೆ ನಿಜ, ಆದರೆ ಒಮ್ಮೆ ತೊಟ್ಟ ಬಟ್ಟೆಯೂ ಅಂದೇ ಬುಟ್ಟಿಗೆ ಬೀಳುತ್ತದೆ. ಬಣ್ಣ ಬಿಡೋದನ್ನು ಬೇರೆ ಮಾಡಬೇಕು, ಜೇಬು ತಡಕಬೇಕು, ಮುಗಿದ ಕೂಡಲೇ ಹರವಬೇಕು; ರಾತ್ರಿಯಿಡೀ ಡ್ರಮ್ಮಿನಲ್ಲೇ ಉಳಿದರೆ ಮುಗ್ಗಲು ವಾಸನೆ. ಜೊತೆಗೆ ಸಂಬಳದ ಕೆಲಸ, ಮಕ್ಕಳ ಹೋಂವರ್ಕ್. ಹಳೆಯ ನಿರೀಕ್ಷೆ ಇಳಿಯದೆಯೇ ಹೊಸದು ಮೇಲೆ ಬಂದು ಕೂತಿದೆ.

"ಏನು ಮಾಡ್ಬೇಕು ಹೇಳು, ಮಾಡ್ತೀನಿ" ಅನ್ನುವ ಗಂಡ ಒಳ್ಳೆಯವನೇ. ಆದರೆ ಗಮನಿಸಿ ಹೇಳೋದೇ ಅರ್ಧ ಕೆಲಸ! ಹಂಚುವುದಾದರೆ ಇಡಿಯಾಗಿ ಹಂಚಿ: ಸೋಪಿನ ಪುಡಿ ಮುಗೀತಾ ಅಂತ ನೋಡೋದರಿಂದ ಹಿಡಿದು ಮಡಚಿ ಕಪಾಟಿಗೆ ಇಡುವವರೆಗೆ ಒಬ್ಬರದೇ ಜವಾಬ್ದಾರಿ. ಮೊದಮೊದಲು ಒಂದೆರಡು ಬಿಳಿ ಅಂಗಿ ಗುಲಾಬಿ ಬಣ್ಣಕ್ಕೆ ತಿರುಗಬಹುದು. ತಿರುಗಲಿ, ಮಧ್ಯೆ ಹೋಗಿ ಕೆಲಸವನ್ನು ಅವನ ಕೈಯಿಂದ ಕಸಿದುಕೊಳ್ಳಬೇಡಿ.