ಗೇಟಿನಲ್ಲೇ ಉಳಿದ ಮುಚ್ಚಳ, ತೋಟದಲ್ಲಿ ಬೆಳೆದ ದೋಟಿ

ಜರ್ಮನಿಯ ಸ್ಟುಟ್‌ಗಾರ್ಟ್ ಬಳಿ ಯಂತ್ರ ತಯಾರಿಸುವ ಕಂಪನಿಯೊಂದಕ್ಕೆ ಸೇರಿ ಏಳು ವರ್ಷಗಳಾದವು. ಇಲ್ಲಿ ಹೊಸ ವಿಚಾರವೊಂದು ಯಂತ್ರವಾಗಬೇಕಾದರೆ ಐದು ಹಂತಗಳನ್ನು ದಾಟಬೇಕು. ಪ್ರತಿ ಹಂತದಲ್ಲೂ ‘ಗೇಟ್’ ಎಂಬ ಸಭೆ ಕೂತು, ಮುಂದುವರಿಸುವುದೋ ಕೈಬಿಡುವುದೋ ಎಂದು ತೀರ್ಮಾನಿಸುತ್ತದೆ. ಕೆನಡಾದ ರಾಬರ್ಟ್ ಕೂಪರ್ 1980ರ ದಶಕದಲ್ಲಿ ರೂಪಿಸಿದ ಈ ಸ್ಟೇಜ್-ಗೇಟ್ ಪದ್ಧತಿಯಿಂದ ಕೈಗೂಡದ ಯೋಜನೆಗೆ ಹಣ ಸುರಿಯುವುದು ತಪ್ಪುತ್ತದೆ, ಅದನ್ನು ನಾನು ಅಲ್ಲಗಳೆಯುವುದಿಲ್ಲ.

ಆದರೆ ಕಳೆದ ಚಳಿಗಾಲದಲ್ಲಿ, ಗಿರಾಕಿಗಳ ಕಾರ್ಖಾನೆಗೆ ರಿಪೇರಿಗೆ ಹೋಗಿಬರುವ ಹಿರಿಯ ಮೆಕ್ಯಾನಿಕ್ ಒಬ್ಬರು, ಎಣ್ಣೆ ಸಿಡಿಯದಂತೆ ಅಲ್ಲಿಯ ಕೆಲಸಗಾರರೇ ತಗಡು ಬಗ್ಗಿಸಿ ಮಾಡಿಕೊಂಡಿದ್ದ ಮುಚ್ಚಳದ ಚಿತ್ರ ತಂದು ತೋರಿಸಿದಾಗ, ಮೊದಲ ಗೇಟಿನಲ್ಲೇ ಕೇಳಿದ್ದು ಮೂರು ವರ್ಷದ ಮಾರಾಟದ ಅಂದಾಜು. ಅವರ ಬಳಿ ಅಂಕಿ ಇರಲಿಲ್ಲ. ವಿಚಾರ ಅಲ್ಲಿಗೇ ನಿಂತಿತು. ಇನ್ನೂ ಹುಟ್ಟದ ವಸ್ತುವಿಗೆ ಮಾರಾಟದ ಲೆಕ್ಕ ಕೇಳುವಲ್ಲಿ, ಈಗಾಗಲೇ ಮಾರುತ್ತಿರುವ ಸರಕಿನ ಸಣ್ಣ ತಿದ್ದುಪಡಿಗಳೇ ಸದಾ ಗೆಲ್ಲುತ್ತವೆ ಎಂಬುದು ನನ್ನ ದೊಡ್ಡ ತಕರಾರು.

ಆ ಸಭೆಯಲ್ಲಿ ನನಗೆ ನೆನಪಾದದ್ದು ಶಿರಸಿಯ ನಮ್ಮ ಅಡಿಕೆ ತೋಟ. ಕೊಳೆರೋಗಕ್ಕೆ ಮೈಲುತುತ್ತ ಮತ್ತು ಸುಣ್ಣದ ಬೋರ್ಡೋ ಮಿಶ್ರಣ ಹೊಡೆಯಲು ಮಳೆಯಲ್ಲಿ ಜಾರುವ ಮರ ಏರುತ್ತಿದ್ದ ಕೊನೆಗೌಡರು ವರ್ಷದಿಂದ ವರ್ಷಕ್ಕೆ ಕಡಿಮೆಯಾದಂತೆ, ನೆಲದ ಮೇಲೇ ನಿಂತು ಕೆಲಸ ಮಾಡಿಸುವ ಕಾರ್ಬನ್ ಫೈಬರ್ ದೋಟಿ, ಅಂದರೆ ಉದ್ದನೆಯ ಕೋಲು, ಬಂತು. ದೋಟಿಯ ತುದಿಯ ನಳಿಕೆ ನೇರವಾಗಿದ್ದರೆ ಅಡಿಕೆ ಗೊನೆಯ ಒಂದು ಮಗ್ಗುಲು ಒಣಗಿಯೇ ಉಳಿಯುತ್ತದೆ. ಭಾವ ಅದಕ್ಕೆ ಬಾಗಿದ ಹಿತ್ತಾಳೆ ತುಂಡೊಂದನ್ನು ಸಿಕ್ಕಿಸಿ, ಸೈಕಲ್ ಟ್ಯೂಬಿನ ಪಟ್ಟಿಯಿಂದ ಬಿಗಿದು, “ಹಿಂದಿನ ಬದಿಗೂ ಮದ್ದು ತಾಗವು” (ತಾಗಬೇಕು) ಎಂದಿದ್ದ. ಮರುವರ್ಷ ಊರಿನ ನಾಲ್ಕು ತೋಟಗಳಲ್ಲಿ ಅದೇ ಬಾಗು ಕಂಡೆ.

ಇದು ನಮ್ಮೂರಿಗಷ್ಟೇ ಸೀಮಿತವಾದ ಮಾತಲ್ಲ. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಎರಿಕ್ ವಾನ್ ಹಿಪ್ಪೆಲ್ 1976ರಲ್ಲಿ ವೈಜ್ಞಾನಿಕ ಉಪಕರಣಗಳನ್ನು ಅಧ್ಯಯನ ಮಾಡಿ, ಮುಖ್ಯ ಸುಧಾರಣೆಗಳಲ್ಲಿ ಸುಮಾರು ಶೇ 80ರಷ್ಟನ್ನು ಮೊದಲು ಮಾಡಿದವರು ತಯಾರಕರಲ್ಲ, ಬಳಸುವವರು ಎಂದು ತೋರಿಸಿದ್ದರು. ಹಾಗೆಂದು ಬಳಸುವವರ ಎಲ್ಲ ಉಪಾಯಗಳೂ ಕಾರ್ಖಾನೆಗೆ ಹೊಂದುವುದಿಲ್ಲ. ಭಾವನ ಟ್ಯೂಬು ಪಟ್ಟಿ ಎರಡು ಮಳೆಗಾಲ ಬಾಳಲಿಲ್ಲ. ಗಟ್ಟಿ ಮಾಡಿಕೊಡುವ ಕೆಲಸ ಕಂಪನಿಯದು.

ಹಾಗಾಗಿ ಮೊದಲ ಗೇಟಿನ ಅರ್ಜಿಯಲ್ಲಿ, ಮಾರಾಟದ ಅಂದಾಜಿಗಿಂತ ಮೇಲೆ, ‘ಇದನ್ನು ಈಗಾಗಲೇ ಸ್ವಂತಕ್ಕೆ ಮಾಡಿಕೊಂಡವರು ಯಾರು?’ ಎಂಬ ಒಂದು ಸಾಲು ಸೇರಿಸಬೇಕೆಂದು ನಾನೂ ಆ ಮೆಕ್ಯಾನಿಕ್ಕೂ ಸೇರಿ ಬರೆದುಕೊಟ್ಟಿದ್ದೇವೆ. ಮುಂದಿನ ತಿಂಗಳು ಅದು ಸಭೆಗೆ ಬರುತ್ತದೆ.