ಮೆಟ್ಟಿಲ ಮೇಲಿನ ಹತ್ತು ನಿಮಿಷ

ಇಂದು ಬೀರು ಒಪ್ಪ ಮಾಡುವಾಗ 2021ರ ಮೇ ತಿಂಗಳ ಡ್ಯೂಟಿ ಪಟ್ಟಿ ಸಿಕ್ಕಿತು. ಕೊರೊನಾ ಎರಡನೆಯ ಅಲೆಯ ಆ ದಿನಗಳಲ್ಲಿ ನಾನು ಮಂಡ್ಯದ ಆಸ್ಪತ್ರೆಯೊಂದರ ಕೋವಿಡ್ ವಾರ್ಡಿನಲ್ಲಿ ಶುಶ್ರೂಷಕಿಯಾಗಿದ್ದೆ. ಪಿಪಿಇ ಕಿಟ್ ತೊಟ್ಟರೆ ಪಾಳಿ ಮುಗಿಯುವವರೆಗೆ ಗುಟುಕು ನೀರೂ ಇರಲಿಲ್ಲ. ಕೈಗವಸು ಕಳಚಿದಾಗ ಬೆರಳುಗಳು ನೆನೆಹಾಕಿದ ಅವರೆಕಾಳಿನ ಸಿಪ್ಪೆಯಂತೆ ಸುಕ್ಕುಗಟ್ಟಿರುತ್ತಿದ್ದವು.

ನಮ್ಮ ಹಿರಿಯ ಸಿಸ್ಟರ್, ಪಾಳಿ ಮುಗಿಸಿ ಹೊರಬಂದವರನ್ನು ಹತ್ತು ನಿಮಿಷ ಮೆಟ್ಟಿಲ ಮೇಲೆ ದೂರ ದೂರ ಕೂರಿಸಿ, ನಿಂಬೆ ಪಾನಕ ಕೊಟ್ಟು, "ಮನೇಲಿ ಎಲ್ಲಾ ಹೇಗಿದ್ದಾರಮ್ಮ?" ಎಂದು ಕೇಳುತ್ತಿದ್ದರು, ಯಾರ ಮನೆಯಲ್ಲಿ ಹಸುಗೂಸಿದೆ, ಯಾರ ಅತ್ತೆಗೆ ಸಕ್ಕರೆ ಕಾಯಿಲೆಯಿದೆ ಎಂಬುದನ್ನು ನೆನಪಿಟ್ಟುಕೊಂಡೇ ಮುಂದಿನ ವಾರದ ಪಾಳಿ ಹಂಚುತ್ತಿದ್ದರು. ಚಾಮರಾಜನಗರದ ಆಸ್ಪತ್ರೆಯಲ್ಲಿ ಆಮ್ಲಜನಕ ಸಿಗದೆ ರೋಗಿಗಳು ಸತ್ತ ದುರಂತದ ಸುದ್ದಿ ಬಂದ ದಿನ, ನಮ್ಮಲ್ಲಿ ಎಷ್ಟು ಸಿಲಿಂಡರ್ ಉಳಿದಿವೆ ಎಂಬುದನ್ನು ಮುಚ್ಚಿಡದೆ ಹೇಳಿದರು. ಲೆಕ್ಕ ತಿಳಿದ ಮೇಲೆ ಕೈ ನಡುಗುವುದು ನಿಂತಿತು.

ವಿಶ್ವ ಆರೋಗ್ಯ ಸಂಸ್ಥೆಯ ವರ್ಗೀಕರಣವು ದುಡಿದು ದುಡಿದು ಬಸವಳಿಯುವ ಇಂಥ ಬಳಲಿಕೆಯನ್ನು (ಬರ್ನ್‌ಔಟ್) ಕಾಯಿಲೆಯ ಪಟ್ಟಿಗೆ ಸೇರಿಸದೆ, ನಿಭಾಯಿಸಲಾಗದ ಕೆಲಸದ ಒತ್ತಡದ ಫಲವೆಂದು ಗುರುತಿಸುತ್ತದೆ ಎಂದು ಆಮೇಲೆ ಓದಿದೆ. ಸಿಸ್ಟರ್ ಅದನ್ನು ಓದದೆಯೇ ಅರಿತಿದ್ದರು. ಪಟ್ಟಿಯಲ್ಲಿ ನನ್ನ ಹೆಸರಿನ ಮುಂದೆ ಅವರು ಪೆನ್ಸಿಲಿನಲ್ಲಿ ಬರೆದ "ರಾತ್ರಿ ಪಾಳಿ ಬೇಡ, ಮಗುವಿಗೆ ಜ್ವರ" ಎಂಬ ಅಕ್ಷರಗಳು ಇನ್ನೂ ಮಾಸಿಲ್ಲ.